ಅರವತ್ನಾಲ್ಕು ಕಿಲೋಬೈಟಿನ ವಾದ್ಯ

ಹಳೆಯ ಕಂಪ್ಯೂಟರಿನಲ್ಲಿ ಇವತ್ತಿಗೂ ಆಟವಾಡುವವರನ್ನು, ಅದರಲ್ಲೇ ಚಿತ್ರ ಬರೆದು ಸಂಗೀತ ಕಟ್ಟುವವರನ್ನು ನಾವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ನೋಡುತ್ತೇವೆ. ಒಂದೋ ಅವರು ಬಾಲ್ಯದ ಹಂಬಲ ಬಿಡಲಾರದವರು, ಇಲ್ಲವೇ ಹಳೇ ಸಾಮಾನು ಕೂಡಿಡುವ ಗೀಳಿನವರು. ಎರಡೂ ನೋಟಗಳ ಹಿಂದಿರುವ ನಂಬಿಕೆ ಒಂದೇ: ಕಂಪ್ಯೂಟರ್ ಎಂದರೆ ಉಪಕರಣ, ಉಪಕರಣಕ್ಕೆ ಆಯಸ್ಸಿದೆ, ಹೊಸದು ಬಂದಮೇಲೆ ಹಳೆಯದು ಹೋಗಲೇಬೇಕು. ಬ್ಯಾಂಕಿನ ಲೆಕ್ಕಕ್ಕೆ, ಕಚೇರಿಯ ಕಡತಕ್ಕೆ ಈ ಮಾತು ಸರಿ. ಕಲೆಗೆ ಬಳಕೆಯಾದ ಯಂತ್ರಕ್ಕೆ ಇದೇ ಮಾತನ್ನು ಅನ್ವಯಿಸುವುದು ತಪ್ಪು. ಅಮೆರಿಕದ ಕಮೊಡೋರ್ ಕಂಪನಿ 1982ರಲ್ಲಿ ಮಾರುಕಟ್ಟೆಗೆ ತಂದ ಕಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರನ್ನು ವಾದ್ಯವೆಂದೇ ಎಣಿಸಬೇಕು ಎಂಬುದು ನನ್ನ ವಾದ. ಅದು ಬದಲಾಗದೆ ನಿಂತದ್ದರಿಂದಲೇ ಅದರ ಕಲೆ ಬೆಳೆಯಿತು. ಇಂದು ಅದನ್ನು ಸವಿಯುವವರಿಗೆ ಸಿಗುವುದು ಒಬ್ಬ ರಸಿಕನಿಗೆ ಸಿಗುವ ಸುಖ.

ವೀಣೆಗೆ 24 ಮೆಟ್ಟಿಲು, ನುಡಿಸಲು ನಾಲ್ಕು ತಂತಿ, ತಾಳಕ್ಕೆ ಮೂರು. ಈ ಲೆಕ್ಕ ಹಳತಾಯಿತು, 48 ಮೆಟ್ಟಿಲಿನ ಮುಂದಿನ ಮಾದರಿ ಯಾವಾಗ ಎಂದು ಯಾರೂ ಕೇಳುವುದಿಲ್ಲ. ವಾದ್ಯ ಒಂದು ರೂಪಕ್ಕೆ ಬಂದು ನಿಂತಮೇಲೆ ಬೆಳೆಯುವ ಸರದಿ ವಾದಕರದು. ಒಬ್ಬರು ಕಂಡುಕೊಂಡದ್ದನ್ನು ಮತ್ತೊಬ್ಬರು ಕಲಿಯುತ್ತಾರೆ, ಮೂರನೆಯವರು ಅದನ್ನು ದಾಟುತ್ತಾರೆ, ಕೇಳುಗರ ಕಿವಿಯೂ ಜೊತೆಜೊತೆಗೆ ಹದಗೊಳ್ಳುತ್ತದೆ. ಕಂಪ್ಯೂಟರ್ ಉದ್ಯಮ ನಡೆಯುವುದು ಇದಕ್ಕೆ ತದ್ವಿರುದ್ಧವಾಗಿ. ಒಂದು ಯಂತ್ರದ ಒಳಹೊರಗು ಕೈವಶವಾಗುವ ಹೊತ್ತಿಗೆ ಅದನ್ನು ಹಿಂತೆಗೆದು ಬೇರೊಂದನ್ನು ಕೊಡುತ್ತದೆ. ಕಲಾವಿದ ಮತ್ತೆ ಓನಾಮದಿಂದ ಶುರುಮಾಡಬೇಕು. ಈ ಚಕ್ರದಿಂದ ಕಮೊಡೋರ್ 64 ತಪ್ಪಿಸಿಕೊಂಡದ್ದು ವ್ಯಾಪಾರದ ಕಾರಣಕ್ಕೆ. ಒಂದು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಒಂದೇ ಮಾದರಿಯ ಕಂಪ್ಯೂಟರುಗಳ ಮಾರಾಟದಲ್ಲಿ ಅದರದು ಗಿನ್ನೆಸ್ ದಾಖಲೆ. ಅಷ್ಟು ಮನೆಗಳಲ್ಲಿರುವ ಆಟಗಳೆಲ್ಲ ಪ್ರತಿ ಹೊಸ ಪೆಟ್ಟಿಗೆಯಲ್ಲೂ ಓಡಬೇಕೆಂದರೆ ಒಳಗಿನದನ್ನು ಬದಲಿಸುವಂತಿಲ್ಲ. ಹೀಗಾಗಿ ಸುಮಾರು ಒಂದು ಮೆಗಾಹರ್ಟ್ಸ್ ವೇಗದ ಅದೇ ಪ್ರೊಸೆಸರ್, ಅದೇ 64 ಕಿಲೋಬೈಟ್ ಮೆಮೊರಿ, ಅದೇ 16 ಬಣ್ಣ ಸುಮಾರು ಹನ್ನೆರಡು ವರ್ಷ ನಡೆದವು. 1994ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿಯಾಯಿತು. ಬದಲಿಸಲು ಯಾರೂ ಇಲ್ಲದಂತಾದ ಮೇಲೆ ಯಂತ್ರ ಖಾಯಂ ಆಗಿ ನಿಂತಿತು.

ಮೊದಲು ಅದರ ದನಿಯನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ವಾದ್ಯ ಎಂಬ ಮಾತಿಗೆ ಗಟ್ಟಿ ಆಧಾರ ಅಲ್ಲಿದೆ. ಸಂಗೀತ ಹುಟ್ಟುವುದು ಸಿಡ್ ಎಂಬ ಒಂದು ಚಿಪ್‌ನಲ್ಲಿ. ಅದನ್ನು ರೂಪಿಸಿದ ಬಾಬ್ ಯಾನೆಸ್ ಅವರಿಗೆ ಸಿಂಥಸೈಸರ್‌ಗಳ ಮೇಲೆ ಅಪಾರ ಒಲವು. ಅಂದಿನ ಕಂಪ್ಯೂಟರುಗಳ ಧ್ವನಿ ಚಿಪ್‌ಗಳನ್ನು ಸಂಗೀತದ ಗಂಧಗಾಳಿ ಇಲ್ಲದವರು ಮಾಡಿದ್ದಾರೆಂಬುದು ಅವರ ದೂರಾಗಿತ್ತು. ಮುಂದೆ ಅವರು ಎನ್ಸಾನಿಕ್ ಎಂಬ ವಾದ್ಯ ತಯಾರಿಕಾ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು. ಸಿಡ್‌ನಲ್ಲಿ ಮೂರು ಕಂಠಗಳಿವೆ. ಪ್ರತಿ ಕಂಠಕ್ಕೂ ನಾಲ್ಕು ಬಗೆಯ ಅಲೆಗಳು. ನಾದ ಎಷ್ಟು ಬೇಗ ಏರಬೇಕು, ಎಲ್ಲಿಗೆ ಇಳಿದು ನಿಲ್ಲಬೇಕು, ಹೇಗೆ ಅಡಗಬೇಕು ಎಂದು ನಿಗದಿ ಮಾಡುವ ಸೌಲಭ್ಯ. ಎಲ್ಲಕ್ಕೂ ಸೇರಿ ಒಂದು ಫಿಲ್ಟರ್. ಕಂಪನದ ವೇಗವನ್ನು 65,536 ಹಂತಗಳಲ್ಲಿ ಹೊಂದಿಸಬಹುದಾದ್ದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿದಂತಲ್ಲದೆ ಜಾರಿಕೊಂಡೂ ಹೋಗಬಹುದು. ಜಾರು, ಕಂಪಿತಗಳಿಗೆ ಒಗ್ಗಿದ ನಮ್ಮ ಕಿವಿಗೆ ರಾಬ್ ಹಬ್ಬರ್ಡ್ ಅವರ ರಚನೆಗಳು ಬೇಗ ಹಿಡಿಸುವುದಕ್ಕೆ ಇದೂ ಒಂದು ಕಾರಣ ಇರಬೇಕು. ಅವರು 1985ರಲ್ಲಿ 'ಮಾಂಟಿ ಆನ್ ದ ರನ್' ಆಟಕ್ಕೆ ಮಾಡಿದ ಸಂಗೀತ ಸುಮಾರು ಆರು ನಿಮಿಷದ್ದು. ಮೂರೇ ಕಂಠಗಳಲ್ಲಿ ರಾಗವಿದೆ, ಮಂದ್ರದ ಓಟವಿದೆ, ತಾಳವಾದ್ಯವಿದೆ, ನಡುವೆ ಮೈಮರೆತು ಎಳೆದಾಡುವ ಒಂದು ತನಿಯಿದೆ.

ಇದು ಸಾಧ್ಯವಾದದ್ದು ಹೇಗೆ? ಪಾಶ್ಚಾತ್ಯ ಸಂಗೀತಕ್ಕೆ ಸ, ಗ, ಪ ಒಟ್ಟಿಗೇ ಕೇಳಬೇಕು. ಮೂರು ಕಂಠಕ್ಕೂ ಒಂದೊಂದು ಸ್ವರ ಕೊಟ್ಟುಬಿಟ್ಟರೆ ರಾಗಕ್ಕೂ ತಾಳಕ್ಕೂ ಏನೂ ಉಳಿಯುವುದಿಲ್ಲ. ಆದ್ದರಿಂದ ಒಂದೇ ಕಂಠದಲ್ಲಿ ಸ, ಗ, ಪಗಳನ್ನು ಸೆಕೆಂಡಿಗೆ 50 ಸಲ ಬದಲಿಸುತ್ತ ಹೋಗುತ್ತಾರೆ. ಕಿವಿ ಅವನ್ನು ಮಿನುಗುವ ಒಂದೇ ನಾದವಾಗಿ ಕೂಡಿಸಿಕೊಳ್ಳುತ್ತದೆ. ಮಂದ್ರ ನುಡಿಸುತ್ತಿರುವ ಕಂಠವೇ ತಾಳದ ಪೆಟ್ಟು ಬೀಳುವಾಗ ಅರೆಕ್ಷಣ ಗದ್ದಲದ ಅಲೆಗೆ ಹೊರಳಿ, ಯಾರಿಗೂ ತಿಳಿಯದಂತೆ ತನ್ನ ಸ್ವರಕ್ಕೆ ಮರಳುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಸಿಡ್‌ನ ಒಟ್ಟು ದನಿಯ ಮಟ್ಟ ನಿರ್ಧರಿಸಲು ಮೆಮೊರಿಯಲ್ಲಿ 54296 ಎಂಬ ವಿಳಾಸವಿದೆ, 16 ಹಂತಗಳಿವೆ. ಮೊದಲ ಚಿಪ್‌ನಲ್ಲಿ ಒಂದು ದೋಷವಿತ್ತು: ಆ ಮಟ್ಟ ಬದಲಿಸಿದಾಗಲೆಲ್ಲ ಟಪ್ ಎಂಬ ಸದ್ದು. ಪ್ರೋಗ್ರಾಮರ್‌ಗಳು ಆ ವಿಳಾಸದ ಸಂಖ್ಯೆಯನ್ನು ಸೆಕೆಂಡಿಗೆ ಸಾವಿರಾರು ಸಲ ಬದಲಿಸಿ ಆ ಟಪ್‌ಗಳಿಂದಲೇ ನಾಲ್ಕನೆಯ ಕಂಠವನ್ನು ಕಟ್ಟಿದರು. ನಿಜವಾದ ಡ್ರಮ್ಮಿನ ಧ್ವನಿಮುದ್ರಣ, ಮನುಷ್ಯರ ಮಾತು ಎಲ್ಲವೂ ಅದರಿಂದ ಬಂತು. ಮಾರ್ಟಿನ್ ಗಾಲ್ವೇ 1987ರಲ್ಲಿ 'ಅರ್ಕನಾಯ್ಡ್' ಆಟದ ಸಂಗೀತದಲ್ಲಿ ಇದನ್ನು ಬಳಸಿದ್ದಾರೆ. ಮುಂದೆ ಕಂಪನಿ 8580 ಎಂಬ ಸುಧಾರಿತ ಚಿಪ್ ತಂದು ದೋಷವನ್ನು ಸರಿಪಡಿಸಿತು. ಆ ಚಿಪ್‌ನಲ್ಲಿ ಹಳೆಯ ರಚನೆಗಳ ಡ್ರಮ್ಮು ಕೇಳಿಯೂ ಕೇಳದಷ್ಟು ಕ್ಷೀಣವಾಯಿತು. ಎಂಜಿನಿಯರಿಗೆ ದೋಷವಾಗಿದ್ದದ್ದು ಅಷ್ಟು ಹೊತ್ತಿಗೆ ಸಂಗೀತಗಾರರಿಗೆ ಗುಣವಾಗಿತ್ತು. ಉಪಕರಣವನ್ನು ಸುಧಾರಿಸಿದರೆ ಕೆಲಸ ಸಲೀಸಾಗುತ್ತದೆ. ಇಲ್ಲಿ ಸುಧಾರಣೆಯೇ ಕೃತಿಗೆ ಪೆಟ್ಟು ಕೊಟ್ಟಿತು. ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ನನಗೆ ಬೇಕಿಲ್ಲ.

ಚಿತ್ರದ ಕಡೆಯೂ ಇಂಥದೇ ಕತೆ. ಕಮೊಡೋರ್ 64ರಲ್ಲಿ ಪರದೆಯ ಚಿತ್ರದ ಸುತ್ತ ಅಗಲವಾದ ಒಂದು ಬಣ್ಣದ ಅಂಚಿರುತ್ತದೆ, ಅದರೊಳಗೆ ಏನನ್ನೂ ಬರೆಯುವಂತಿಲ್ಲ. ಟಿವಿಯ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಮೂಡುತ್ತದೆ. ಪರದೆಯನ್ನು 25 ಸಾಲಿನ ಪಠ್ಯಕ್ಕೆ ಹೊಂದಿಸಿದ್ದರೆ ಚಿಪ್ 251ನೇ ಗೆರೆಯಲ್ಲಿ ಅಂಚನ್ನು ಶುರುಮಾಡುತ್ತದೆ. 24 ಸಾಲಿಗೆ ಹೊಂದಿಸಿದ್ದರೆ 247ನೇ ಗೆರೆಯಲ್ಲಿ. ಈಗ 25 ಸಾಲಿನ ಹೊಂದಿಕೆಯಲ್ಲಿ 247ನೇ ಗೆರೆಯನ್ನು ದಾಟಿಸಿ, 251 ಬರುವುದರೊಳಗೆ 24ಕ್ಕೆ ಬದಲಿಸಿದರೆ? ಚಿಪ್ ಕಾಯಬೇಕಾದ 247 ಆಗಲೇ ಹಿಂದೆ ಉಳಿದಿದೆ, 251ನ್ನು ಅದು ಈಗ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಚು ಶುರುವಾಗುವುದೇ ಇಲ್ಲ. ಮುಚ್ಚಿದ್ದ ಜಾಗ ತೆರೆದುಕೊಂಡು, ಸ್ಪ್ರೈಟ್ ಎಂಬ ಪುಟ್ಟ ಚಲಿಸುವ ಚಿತ್ರಗಳು ಅಲ್ಲಿ ಓಡಾಡತೊಡಗುತ್ತವೆ. ಈ ಬದಲಾವಣೆಯನ್ನು ಸೆಕೆಂಡಿಗೆ 50 ಸಲ, ಪ್ರತಿ ಚಿತ್ರಕ್ಕೂ ತಪ್ಪದೆ, ನಾಲ್ಕು ಗೆರೆಗಳ ಕಿಂಡಿಯೊಳಗೆ ಮಾಡಬೇಕು. ಒಂದು ಗೆರೆಗೆ ಪ್ರೊಸೆಸರಿಗೆ ಸಿಗುವುದು 63 ಮಿಡಿತ, ಅಷ್ಟೆ. ಎಡಬಲದ ಅಂಚನ್ನೂ ತೆರೆಯುವವರು ಒಂದೊಂದು ಗೆರೆಯಲ್ಲೂ ಒಂದು ನಿರ್ದಿಷ್ಟ ಮಿಡಿತದ ಮೇಲೇ ಬೀಳಬೇಕು. ಎಣಿಕೆ ಒಂದು ತಪ್ಪಿದರೆ ಚಿತ್ರ ಚೂರಾಗುತ್ತದೆ. ಲಯಜ್ಞಾನ ಎಂಬ ಮಾತನ್ನು ಪ್ರೋಗ್ರಾಮಿಂಗಿಗೆ ಅಳುಕದೆ ಬಳಸಬಹುದಾದ ಜಾಗ ಇದು.

ಯಂತ್ರ ನಿಂತಲ್ಲೇ ನಿಂತರೂ ಕಲೆ ಮುಂದೆ ಹೋಯಿತು ಎಂಬುದನ್ನು ತೋರಿಸಲು ಎರಡು ಕೃತಿಗಳು ಸಾಕು. ಬೂಜ್ ಡಿಸೈನ್ ಎಂಬ ತಂಡದ 'ಎಜ್ ಆಫ್ ಡಿಸ್‌ಗ್ರೇಸ್' 2008ರದ್ದು. ಚಿತ್ರ, ಚಲನೆ, ಸಂಗೀತ ಒಂದರೊಳಗೊಂದು ಹರಿಯುವ, ಡೆಮೊ ಎಂದು ಕರೆಯಲಾಗುವ ಪ್ರಕಾರಕ್ಕೆ ಸೇರಿದ ಕೃತಿ. ಅದರಲ್ಲಿ ಕಾಣುವುದನ್ನು 1982ರಲ್ಲಿ ಯಂತ್ರ ಮಾಡಿದವರಿಗೇ ತೋರಿಸಿದ್ದರೆ ತಮ್ಮ ಚಿಪ್‌ಗಳಿಂದ ಇದು ಆಗದು ಎನ್ನುತ್ತಿದ್ದರು. ಬಳಕೆಯಾದ ಎಷ್ಟೋ ತಂತ್ರಗಳು ಅವರ ಕೈಪಿಡಿಯಲ್ಲಿ ಇರಲೇ ಇಲ್ಲ. ಎರಡನೆಯದು ಸ್ವೀಡನ್ನಿನ ಲಿನಸ್ ಓಕೆಸನ್ ಅವರ 'ಎ ಮೈಂಡ್ ಈಸ್ ಬಾರ್ನ್'. ಜರ್ಮನಿಯಲ್ಲಿ ಈಸ್ಟರ್ ಹೊತ್ತಿಗೆ ನಡೆಯುವ ರಿವಿಷನ್ ಸಮಾವೇಶದಲ್ಲಿ 2017ರಲ್ಲಿ ಇದು ಬಹುಮಾನ ಪಡೆಯಿತು. ಎರಡು ನಿಮಿಷಕ್ಕೂ ಮೀರಿ ನಡೆಯುವ, ಮಂದ್ರ, ತಾಳ, ರಾಗಗಳೆಲ್ಲ ಇರುವ ಸಂಗೀತ, ಅದರೊಡನೆ ಬೆಳೆಯುತ್ತ ಹೋಗುವ ಚಿತ್ರವಿನ್ಯಾಸ. ಇಡೀ ಪ್ರೋಗ್ರಾಮಿನ ಗಾತ್ರ 256 ಬೈಟ್. ಇಂದಿನ ಯೂನಿಕೋಡ್ ಪಠ್ಯದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಸಾಮಾನ್ಯವಾಗಿ 3 ಬೈಟ್ ಬೇಕು. ಎಂದರೆ ಅಕ್ಷರ, ಕಾಗುಣಿತ, ಒತ್ತುಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿ 85 ಸಂಕೇತಗಳಷ್ಟೇ ಹಿಡಿಯುವ ಜಾಗ ಅದು, ಈ ಲೇಖನದ ಒಂದು ಮಧ್ಯಮ ಗಾತ್ರದ ವಾಕ್ಯಕ್ಕೆ ಸಾಲುವಷ್ಟು. ಮೊದಲ ತಲೆಮಾರಿನವರು ಇದನ್ನು ಮಾಡಲಾರದೆ ಹೋದದ್ದು ಬುದ್ಧಿ ಕಡಿಮೆಯಾಗಿಯಲ್ಲ. ಮೂವತ್ತೈದು ವರ್ಷಗಳ ಪರಂಪರೆ ಅವರ ಬೆನ್ನಿಗಿರಲಿಲ್ಲ. ಡೆಮೊಸೀನ್ ಎಂಬ ಈ ಪರಂಪರೆಯನ್ನು 2020ರಲ್ಲಿ ಫಿನ್ಲೆಂಡ್, ಮರುವರ್ಷ ಜರ್ಮನಿ ತಮ್ಮ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿದವು.

ಇದೆಲ್ಲ ಪಶ್ಚಿಮದ ಮಧ್ಯವಯಸ್ಕರು ತಮ್ಮ ಹದಿಹರೆಯವನ್ನು ಮುದ್ದಿಸುವ ಬಗೆ, ಅದಕ್ಕೆ ಕಲೆಯ ಹೆಸರೇಕೆ ಎಂದು ಕೇಳುವವರಿದ್ದಾರೆ. ನೆನಪಿನ ಸೆಳೆತ ಹಲವರಲ್ಲಿ ಇರುವುದು ನಿಜ. ಆದರೆ ಈ ಆಕ್ಷೇಪ ನಮ್ಮ ನೆಲದಲ್ಲಿ ನಿಲ್ಲುವುದಿಲ್ಲ. ಭಾರತದ ಮನೆಗಳಿಗೆ ಕಮೊಡೋರ್ 64 ಬಂದದ್ದೇ ಅಪರೂಪ. ನಮ್ಮಲ್ಲಿ ಕೆಲವು ಶಾಲೆಗಳ ಮಕ್ಕಳು 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರನ್ನು ಕಂಡರು. ದಶಕದ ಕೊನೆಗೆ ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರನ್ನು ಮಾರಿತು. ಉಳಿದವರಿಗೆ ಕಂಪ್ಯೂಟರ್ ಎಂದರೆ ಕಚೇರಿಯ ಪಿಸಿಯೇ. ನೆನಪೇ ಈ ಸಂಗೀತದ ಬಂಡವಾಳವಾಗಿದ್ದರೆ ಆ ನೆನಪಿಲ್ಲದ ಕನ್ನಡದ ಕಿವಿಗೆ ಅದು ಬರಿಯ ಕಿರಿಕಿರಿಯಾಗಬೇಕಿತ್ತು. 'ವಿಜ್‌ಬಾಲ್' ಆಟಕ್ಕೆ ಗಾಲ್ವೇ ಮಾಡಿದ ಸಂಗೀತವನ್ನು ಯಾರಾದರೂ ಪೂರ್ವಗ್ರಹವಿಲ್ಲದೆ ಒಮ್ಮೆ ಕೇಳಲಿ. ಅಲ್ಲಿರುವ ಗುಂಗಿಗೆ ಯಾರ ಬಾಲ್ಯದ ಶಿಫಾರಸೂ ಬೇಕಾಗಿಲ್ಲ. ಯಂತ್ರದ ತಯಾರಿಕೆ ನಿಂತ ಮೇಲೆ ಹುಟ್ಟಿದವರೂ ಇಂದು ಡೆಮೊಗಳನ್ನು ಮಾಡುತ್ತಿದ್ದಾರೆ. ಕಾಣದ ಕಾಲದ ಹಂಬಲ ಅವರಿಗೆ ಎಲ್ಲಿಂದ ಬರಬೇಕು?

ಇದಕ್ಕಿಂತ ಗಂಭೀರವಾದ ಆಕ್ಷೇಪ ಮಿತಿಯ ಬಗೆಗಿನದು. ಕೊರತೆಯೇ ಸೃಜನಶೀಲತೆಯ ತಾಯಿ ಎಂಬ ಮಾತನ್ನು ಎಲ್ಲ ಕಡೆ ಹೇಳುತ್ತಾರೆ. ಹಾಗಾದರೆ ಇಂದು ನೂರಾರು ಕಂಠಗಳ ತಂತ್ರಾಂಶ ಪುಕ್ಕಟೆ ಸಿಗುವಾಗ ಬೇಕೆಂದೇ ಬಡತನ ನಟಿಸುವುದೇಕೆ? ಈ ಆಕ್ಷೇಪದ ಅರ್ಧವನ್ನು ನಾನು ಒಪ್ಪುತ್ತೇನೆ. ಮಿತಿ ತಾನಾಗಿ ಏನನ್ನೂ ಹೆರುವುದಿಲ್ಲ. ಕಮೊಡೋರ್ 64ಕ್ಕೆ ಬಂದ ಸಾವಿರಾರು ಆಟಗಳಲ್ಲಿ ಬಹುಪಾಲು ಕಳಪೆ. ಎಷ್ಟೋ ಆಟಗಳು ಅನ್ಯಾಯವೆನಿಸುವಷ್ಟು ಕಠಿಣ. ಕ್ಯಾಸೆಟ್ಟಿನಿಂದ ಆಟ ಮೆಮೊರಿಗೆ ಬರಲು ನಿಮಿಷಗಟ್ಟಲೆ ಕಾಯಬೇಕಿತ್ತು. ನನ್ನ ವಾದ ನಿಂತಿರುವುದು ಬೇರೆ ಕಡೆ. ಇಲ್ಲಿನ ಮಿತಿ ಮಾಡುವವರಿಗೂ ನೋಡುವವರಿಗೂ ಗೊತ್ತಿರುವಂಥದು, ಇಬ್ಬರಿಗೂ ಒಂದೇ ಆದದ್ದು. ಮೂರು ಕಂಠಗಳೆಂದು ತಿಳಿದ ಕೇಳುಗನಿಗೆ ನಾಲ್ಕನೆಯದು ಕೇಳಿಸಿದಾಗ ರೋಮಾಂಚನವಾಗುತ್ತದೆ, ಏಕೆಂದರೆ ಅಲ್ಲಿ ಒಬ್ಬ ಮನುಷ್ಯ ಮಾಡಿದ ಆಯ್ಕೆ ಅವನಿಗೆ ನೇರವಾಗಿ ಕಾಣುತ್ತದೆ. ಮಿತಿ ಎಲ್ಲಿದೆಯೆಂದೇ ಗೊತ್ತಿಲ್ಲದ ಇಂದಿನ ಯಂತ್ರಗಳಲ್ಲಿ ಬೆರಗು ಯಾರದು, ಕಲಾವಿದನದೋ ತಂತ್ರಾಂಶ ಕಂಪನಿಯದೋ, ಎಂದು ಬಿಡಿಸಿ ಹೇಳುವುದು ಕಷ್ಟ. ಇಡೀ ಯಂತ್ರವನ್ನು ಒಬ್ಬ ವ್ಯಕ್ತಿ ತಲೆಯಲ್ಲಿ ಹಿಡಿದಿಡಬಹುದಾಗಿತ್ತು ಎಂಬುದೂ ಇದಕ್ಕೆ ಸೇರಿದ ಮಾತು. ಕಂಪನಿ ಮಾರುತ್ತಿದ್ದ ಪ್ರೋಗ್ರಾಮರ್‌ಗಳ ಕೈಪಿಡಿಯಲ್ಲಿ ಯಂತ್ರದ ಸರ್ಕ್ಯೂಟ್ ನಕ್ಷೆಯೇ ಇತ್ತು. ಇಂದು ಯಾವ ಫೋನಿನ ಜೊತೆ ಅದನ್ನು ಕೊಡುತ್ತಾರೆ?

ಹಾಗೆಂದು ಒಳಗಿನ ತಂತ್ರ ತಿಳಿದವರಿಗೆ ಮಾತ್ರ ಇದು ದಕ್ಕುತ್ತದೆ ಎಂದಲ್ಲ. ಸೆನ್ಸಿಬಲ್ ಸಾಫ್ಟ್‌ವೇರ್ ತಂಡದ 1987ರ 'ವಿಜ್‌ಬಾಲ್' ಆಟವನ್ನೇ ನೋಡಿ. ಜಗತ್ತಿನ ಬಣ್ಣವೆಲ್ಲ ಇಂಗಿಹೋಗಿದೆ. ಒಬ್ಬ ಮಾಂತ್ರಿಕ ಚೆಂಡಿನ ರೂಪದಲ್ಲಿ, ಅವನ ಬೆಕ್ಕು ಪುಟ್ಟ ಗೋಳದ ರೂಪದಲ್ಲಿ ಹೊರಡುತ್ತಾರೆ. ಕೆಂಪು, ಹಸಿರು, ನೀಲಿ ಹನಿಗಳನ್ನು ಬೆಕ್ಕು ಹಿಡಿಯಬೇಕು, ಹನಿಗಳು ಬೆರೆತು ಬೇಕಾದ ಬಣ್ಣವಾದರೆ ಬೂದು ನೆಲಕ್ಕೆ ಮತ್ತೆ ಬಣ್ಣ ಬರುತ್ತದೆ. ಆರಂಭದಲ್ಲಿ ಚೆಂಡು ಆಟಗಾರನ ಮಾತನ್ನೇ ಕೇಳುವುದಿಲ್ಲ. ಗಿರಗಿರ ತಿರುಗಿಸಬಹುದು, ಅದು ನೆಲಕ್ಕೆ ಬಡಿದು ಪುಟಿಯುತ್ತದೆ, ಅಷ್ಟೆ. ಹಿಡಿತವನ್ನು ಸ್ವಲ್ಪಸ್ವಲ್ಪವಾಗಿ ಗಳಿಸಬೇಕು. 16 ಬಣ್ಣಗಳ ಯಂತ್ರದ ಮೇಲೆ ಬಣ್ಣವನ್ನೇ ಕತೆಯ ವಸ್ತುವಾಗಿಸಿದ ಈ ಆಟವನ್ನು ಆಡಲು ಚಿಪ್ಪಿನ ಜ್ಞಾನ ಬೇಡ. ಜ್ಞಾನವಿದ್ದರೆ ಸುಖ ಹೆಚ್ಚುತ್ತದೆ, ಅದು ಯಾವ ಕಲೆಗೆ ಸುಳ್ಳು?

ಡೆಮೊಸೀನ್ ಹುಟ್ಟಿದ್ದೇ ಕಳ್ಳ ಪ್ರತಿಗಳ ಲೋಕದಲ್ಲಿ ಎಂಬುದನ್ನು ಮರೆಮಾಚುವಂತಿಲ್ಲ. ಆಟಗಳ ನಕಲುತಡೆಯನ್ನು ಮುರಿದ ಹುಡುಗರು ತಮ್ಮ ಹೆಸರು ಮೆರೆಸಲು ಆಟದ ಮುಂದೆ ಜೋಡಿಸುತ್ತಿದ್ದ ತುಣುಕುಗಳೇ ಮುಂದೆ ಸ್ವತಂತ್ರ ಕಲೆಯಾದವು. ಆಟ ಮಾಡಿದವರಿಗೆ ಅದರಿಂದ ನಷ್ಟವಾದದ್ದು ನಿಜ, ಆ ನಷ್ಟವನ್ನು ಕಲೆಯ ಹೆಸರಿನಲ್ಲಿ ಮನ್ನಾ ಮಾಡಲಾಗದು. ಆದರೆ ಹುಟ್ಟು ಕೆಟ್ಟದ್ದಾದ ಮಾತ್ರಕ್ಕೆ ಬೆಳೆದು ನಿಂತದ್ದನ್ನು ಅಲ್ಲಗಳೆಯಲಾಗದು.

ಇನ್ನು ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್ ಎಂಬ ತಂತ್ರಾಂಶ ಇರುವಾಗ ಹಳೆಯ ಪೆಟ್ಟಿಗೆ ಏಕೆ ಎಂಬ ಪ್ರಶ್ನೆ. ಹೆಚ್ಚಿನವರಿಗೆ ಎಮ್ಯುಲೇಟರ್ ಸಾಕು ಎಂದೇ ನನ್ನ ಉತ್ತರ. ವೈಸ್ ಎಂಬ ಉಚಿತ ಎಮ್ಯುಲೇಟರ್ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಹೈ ವೋಲ್ಟೇಜ್ ಸಿಡ್ ಕಲೆಕ್ಷನ್ ಎಂಬ ಸಂಗ್ರಹದಲ್ಲಿ 50,000ಕ್ಕೂ ಹೆಚ್ಚು ರಚನೆಗಳಿವೆ. ಅವು ಧ್ವನಿಮುದ್ರಣಗಳಲ್ಲ, ಸಂಗೀತಗಾರ ಬರೆದ ಮೂಲ ಸಂಕೇತಗಳೇ. ಪ್ರತಿ ಸಲವೂ ಅವು ಹೊಸದಾಗಿ ಓಡಿ ಸಂಗೀತವಾಗುತ್ತವೆ. ಯಂತ್ರವನ್ನು ಕೊಂಡವರಷ್ಟೇ ರಸಿಕರು ಎಂಬ ಶ್ರೀಮಂತಿಕೆಯ ವಾದ ನನ್ನದಲ್ಲ. ಆದರೆ ಎಮ್ಯುಲೇಟರ್ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಲು ಅಸಲು ಬೇಕು. ಯುರೋಪಿನ ಪಾಲ್ ಪದ್ಧತಿಯ ಟಿವಿ ಅಕ್ಕಪಕ್ಕದ ಗೆರೆಗಳ ವರ್ಣವನ್ನು ಬೆರೆಸಿ ತೋರಿಸುತ್ತದೆ. ಪ್ರಖರತೆ ಒಂದೇ ಇರುವ ಎರಡು ಬಣ್ಣಗಳನ್ನು ಗೆರೆ ಬಿಟ್ಟು ಗೆರೆ ಹಾಕಿದರೆ ಆ 16ರಲ್ಲಿ ಇಲ್ಲದ ಹದಿನೇಳನೆಯ ಬಣ್ಣವೊಂದು ಪರದೆಯ ಮೇಲೆ ಮೂಡುತ್ತದೆ. ಚಿತ್ರಕಾರರು ಅದನ್ನು ಲೆಕ್ಕಹಾಕಿಯೇ ಬರೆದರು. ಇಂದಿನ ಚೂಪು ಪರದೆಯಲ್ಲಿ ಅದೇ ಚಿತ್ರ ಬರಿಯ ಪಟ್ಟೆಯಾಗಿ ಕಾಣುತ್ತದೆ. ಮೊದಲ ಸಿಡ್ ಚಿಪ್‌ಗಳ ಫಿಲ್ಟರ್ ಕೂಡ ಒಂದರಂತೆ ಒಂದಿಲ್ಲ. ಒಬ್ಬ ಸಂಗೀತಗಾರನ ಚಿಪ್‌ನಲ್ಲಿ ತುಂಬಿ ಬಂದ ನಾದ ಇನ್ನೊಂದರಲ್ಲಿ ಉಸಿರುಗಟ್ಟಿದಂತೆ ಕೇಳಬಹುದು.

ಕಲೆ ಉಳಿಯಬೇಕಾದರೆ ಯಂತ್ರ ಬಲ್ಲ ಜನ ಉಳಿಯಬೇಕು. ಕಮೊಡೋರ್ ಕಂಪನಿಯ ಮುಂದಿನ ಯಂತ್ರವಾದ ಅಮಿಗದ ಬಿಡುಗಡೆ 1985ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ನಡೆದಾಗ ಚಿತ್ರಕಲಾವಿದ ಆಂಡಿ ವಾರ್ಹೋಲ್ ಅದರ ಮೇಲೆ ಗಾಯಕಿ ಡೆಬಿ ಹ್ಯಾರಿಯ ಚಿತ್ರ ಬರೆದು ತೋರಿಸಿದ್ದರು. ಅವರು ಅಮಿಗದಲ್ಲಿ ಮಾಡಿದ ಬೇರೆ ಚಿತ್ರಗಳು ಫ್ಲಾಪಿಗಳಲ್ಲೇ ದಶಕಗಟ್ಟಲೆ ಉಳಿದು, ಅವರದೇ ಹೆಸರಿನ ವಸ್ತುಸಂಗ್ರಹಾಲಯದ ಸುಪರ್ದಿಯಲ್ಲಿದ್ದೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2014ರಲ್ಲಿ ಅವನ್ನು ಹೊರತೆಗೆದವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನ ಹವ್ಯಾಸಿಗಳು. ಹಳೇ ಸಾಮಾನಿನ ಗೀಳಿನವರು ಎಂದು ನಾವು ಕರೆಯುವ ಜನ ಇವರೇ.

ಯಂತ್ರಗಳು ಸಾಯುತ್ತಿವೆ, ಅದನ್ನೂ ಹೇಳಬೇಕು. ಕಮೊಡೋರ್ 64ರ ಮೂಲ ಪವರ್ ಸಪ್ಲೈ ಕೆಟ್ಟಾಗ ಹೆಚ್ಚು ವೋಲ್ಟೇಜ್ ಕೊಟ್ಟು ಮೆಮೊರಿ ಚಿಪ್‌ಗಳನ್ನೇ ಸುಡುತ್ತದೆ. ಸಿಡ್ ತಯಾರಿಕೆ ನಿಂತು ದಶಕಗಳಾದವು. ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿ ಅದನ್ನೇ ಬಳಸಿ ಮಾಡಿದ ಸಿಡ್‌ಸ್ಟೇಷನ್ ಎಂಬ ವಾದ್ಯ ಚಿಪ್ಪಿನ ದಾಸ್ತಾನು ಮುಗಿದು ನಿಂತುಹೋಯಿತು. ಈಗ ಅದರ ಜಾಗಕ್ಕೆ ಹೊಸ ಬದಲಿ ಚಿಪ್‌ಗಳು ಬಂದಿವೆ, ಇಡೀ ಯಂತ್ರವನ್ನೇ ಹೊಸ ಚಿಪ್‌ನಲ್ಲಿ ಮರುಕಟ್ಟಿದ ಬೋರ್ಡುಗಳೂ ಸಿಗುತ್ತವೆ. ಅವು ಅಸಲಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಮಟ್ಟಿಗೆ ವಾದ್ಯದ ಗುರುತು ಅದರ ಪ್ಲಾಸ್ಟಿಕ್ಕಿನಲ್ಲಾಗಲಿ ಸಿಲಿಕಾನಿನಲ್ಲಾಗಲಿ ಇಲ್ಲ. ಯಾವ ವಿಳಾಸಕ್ಕೆ ಯಾವ ಸಂಖ್ಯೆ ಬರೆದರೆ ಯಾವ ನಾದ ಬರುತ್ತದೆ ಎಂಬ ಒಪ್ಪಂದದಲ್ಲಿದೆ, ದೋಷಗಳೂ ಆ ಒಪ್ಪಂದದ ಭಾಗವೇ. ಹೊಸ ಬೋರ್ಡಿನಲ್ಲೂ ಸಿಡ್‌ನ ಮೊದಲ ವಿಳಾಸ 54272. ಮಟ್ಟ ಬದಲಿಸಿದರೆ ಅಲ್ಲಿಯೂ ಟಪ್ ಎಂಬ ಸದ್ದು ಬರಬೇಕು ಎಂದು ಅದನ್ನು ಮಾಡುವವರು ಪಟ್ಟು ಹಿಡಿದು ಕೂತಿದ್ದಾರೆ, ಆ ಸದ್ದಿಲ್ಲದೆ ಗಾಲ್ವೇ ಅವರ ಡ್ರಮ್ಮು ನುಡಿಯುವುದಿಲ್ಲ.